ಕರ್ಚೀಫು, ಬಾಟಲಿ, ಪೇರಲ ಕೊಂಬೆ: ಮನೆಯಲ್ಲೇ ಕಲಿತವರ ಗಾಲ್ಫ್ ಇತಿಹಾಸ



ಗಾಲ್ಫ್ ಎಂದ ಕೂಡಲೇ ನಮ್ಮವರ ಮನೆಗಳಲ್ಲಿ ಬರುವ ಮೊದಲ ಮಾತು, "ಅದು ದುಡ್ಡಿದ್ದವರ ಆಟ" ಎಂಬುದು. ಈ ಮಾತು ಅರ್ಧ ನಿಜ. ಚೆಂಡು ಹೊಡೆಯುವ ಕೋಲುಗಳಿಗೆ, ಅಂದರೆ ಕ್ಲಬ್‌ಗಳಿಗೆ, ದುಡ್ಡು ಬೇಕು. ಮೈದಾನಕ್ಕೆ ಹೋದರೆ ಅಲ್ಲಿ ದುಡ್ಡು ಕೊಡಬೇಕು. ಕೋಚ್ ಇಟ್ಟುಕೊಂಡರೆ ಗಂಟೆಯ ಲೆಕ್ಕದಲ್ಲಿ ಕೊಡಬೇಕು. ನಾನು ಡಾಲಸ್ಸಿನ ನಮ್ಮ ಹೈಸ್ಕೂಲಿನ ಗಾಲ್ಫ್ ತಂಡದಲ್ಲಿ ಆಡುತ್ತೇನೆ. ನನ್ನ ಜೊತೆ ಆಡುವ ಕೆಲವರ ಮನೆಯ ಗ್ಯಾರೇಜಿನಲ್ಲಿ ದೊಡ್ಡ ಪರದೆ, ಕ್ಯಾಮೆರಾ, ಚೆಂಡಿನ ವೇಗ ಅಳೆಯುವ ಯಂತ್ರ ಎಲ್ಲ ಇವೆ. ನಮ್ಮ ಗ್ಯಾರೇಜಿನಲ್ಲಿ ಹಗ್ಗಕ್ಕೆ ನೇತುಹಾಕಿದ ಒಂದು ಹಳೆಯ ಹೊದಿಕೆ, ಒಂದು ಟವೆಲ್, ಒಂದು ಪೊರಕೆ ಕೋಲು ಇವೆ. ನನ್ನ ಅಭ್ಯಾಸ ನಡೆಯುವುದು ಇವುಗಳಿಂದಲೇ.

ಇಂಥ ಸಾಮಾನುಗಳಿಂದ ಕಲಿಯುವುದನ್ನು ಮೊದಲು ಯಾರು ಶುರುಮಾಡಿದರು ಎಂದು ತಿಳಿಯುವ ಕುತೂಹಲದಿಂದ ಓದಲು ಕುಳಿತೆ. ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಗಾಲ್ಫ್ ಕಲಿಕೆಯ ಅತ್ಯಂತ ಸರಳ ಸಾಧನಗಳಲ್ಲಿ ಹಲವು ಕಂಪನಿಗಳಲ್ಲಿ ಹುಟ್ಟಿದವಲ್ಲ. ಏನೋ ಒಂದು ಇಲ್ಲದವರ ಕೈಯಲ್ಲಿ ಹುಟ್ಟಿದವು. ಒಬ್ಬರಿಗೆ ಕಾಲಿರಲಿಲ್ಲ, ಇನ್ನೊಬ್ಬರಿಗೆ ದುಡ್ಡಿರಲಿಲ್ಲ, ಮತ್ತೊಬ್ಬರಿಗೆ ಮೈದಾನದ ಒಳಗೆ ಹೋಗುವ ಹಕ್ಕೇ ಇರಲಿಲ್ಲ. ಅವರ ಕಥೆಯೇ ಈ ಲೇಖನ.

ಕಾಲು ಸೆಕೆಂಡಿನ ಕಷ್ಟ

ಗಾಲ್ಫ್ ಆಡದವರಿಗಾಗಿ ಮೊದಲು ಒಂದೆರಡು ಮಾತು. ಕ್ಲಬ್ಬನ್ನು ಹಿಂದಕ್ಕೆ ಎತ್ತಿ, ಕೆಳಗಿಳಿಸಿ, ಚೆಂಡನ್ನು ಹೊಡೆದು, ಮುಂದಕ್ಕೆ ಬೀಸಿ ಮುಗಿಸುವ ಇಡೀ ಚಲನೆಗೆ ಸ್ವಿಂಗ್ ಎನ್ನುತ್ತಾರೆ. ನೋಡಲು ಸುಲಭ, ಮಾಡಲು ಕಷ್ಟ. ಕ್ರಿಕೆಟ್ಟಿನಲ್ಲಿ ಚೆಂಡು ಓಡಿ ಬರುತ್ತದೆ. ಗಾಲ್ಫ್‌ನಲ್ಲಿ ಅದು ಸುಮ್ಮನೆ ನೆಲದ ಮೇಲೆ ಕುಳಿತಿರುತ್ತದೆ. ಅದರ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು ಎಂಬ ನಿಯಮವಿದೆ. ಒಂದು ಸಣ್ಣ ನಿಂಬೆಹಣ್ಣಿನಷ್ಟು ಎಂದುಕೊಳ್ಳಿ.

1968ರಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬ ಇಬ್ಬರು ಬ್ರಿಟನ್ನಿನಲ್ಲಿ ಒಂದು ಪುಸ್ತಕ ಬರೆದರು. ಗಾಲ್ಫ್ ಸ್ವಿಂಗನ್ನು ವಿಜ್ಞಾನಿಗಳು ಪರೀಕ್ಷಿಸಿ ಕಂಡುಕೊಂಡದ್ದೆಲ್ಲ ಅದರಲ್ಲಿದೆ. ಕ್ಲಬ್ ಚೆಂಡಿಗೆ ತಗುಲಿರುವುದು ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ. ಮೇಲೆತ್ತಿದ ಕ್ಲಬ್ ಕೆಳಗಿಳಿದು ಚೆಂಡಿಗೆ ತಗುಲಲು ಹೆಚ್ಚುಕಡಿಮೆ ಕಾಲು ಸೆಕೆಂಡು ಸಾಕು. ಅಷ್ಟರಲ್ಲಿ "ಅಯ್ಯೋ, ಕೈ ಸ್ವಲ್ಪ ಓರೆಯಾಯಿತು" ಎಂದು ಯೋಚಿಸಿ ತಿದ್ದಿಕೊಳ್ಳಲು ಯಾರಿಗೂ ಆಗುವುದಿಲ್ಲ. ತಿದ್ದಿಕೊಳ್ಳುವುದೇನಿದ್ದರೂ ಮೊದಲೇ, ಅಭ್ಯಾಸದಲ್ಲೇ ಆಗಬೇಕು.

ಇನ್ನೊಂದು ತೊಂದರೆಯೂ ಇದೆ. ಸ್ವಿಂಗ್ ಮಾಡುವವರಿಗೆ ತಮ್ಮ ಸ್ವಿಂಗ್ ಕಾಣುವುದಿಲ್ಲ. ಕಣ್ಣು ಚೆಂಡಿನ ಮೇಲಿರುತ್ತದೆ. ಹಾಗಾಗಿ ತಪ್ಪಾದ ಕೂಡಲೇ "ಇದು ತಪ್ಪು" ಎಂದು ತಿಳಿಸುವ ಏನಾದರೂ ಒಂದು ಪಕ್ಕದಲ್ಲಿರಬೇಕು. ಕೋಚ್ ಇದ್ದರೆ ಅವರು ಹೇಳುತ್ತಾರೆ. ಇಲ್ಲದಿದ್ದರೆ? ಆಗ ಟವೆಲ್ ಹೇಳಬೇಕು, ಗೋಡೆ ಹೇಳಬೇಕು, ಇಲ್ಲವೇ ಒಂದು ಕರ್ಚೀಫು ಹೇಳಬೇಕು.

ಕರ್ಚೀಫಿನ ತುದಿಗೆ ಕಟ್ಟಿದ ಚಾಕು

ಕರ್ಚೀಫಿನ ಕಥೆ ಅರ್ನೆಸ್ಟ್ ಜೋನ್ಸ್ ಎಂಬುವರದು. ಅವರು ಇಂಗ್ಲೆಂಡಿನವರು. ಹದಿನೆಂಟನೇ ವಯಸ್ಸಿಗೇ ಕೆಂಟ್ ಪ್ರಾಂತದ ಚಿಸಲ್‌ಹರ್ಸ್ಟ್ ಗಾಲ್ಫ್ ಕ್ಲಬ್ಬಿನಲ್ಲಿ ಸಹಾಯಕ ಶಿಕ್ಷಕರಾಗಿ ಸೇರಿದರು. ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು. ಜೋನ್ಸ್ ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋದರು. 1916ರ ಮಾರ್ಚಿನಲ್ಲಿ ಗ್ರೆನೇಡ್ ಸಿಡಿದು ಅವರಿಗೆ ತೀವ್ರ ಗಾಯವಾಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಗಾಲ್ಫ್ ಕಲಿಸುವವರಿಗೆ ಕಾಲೇ ಹೋದರೆ ಜೀವನ ಮುಗಿಯಿತು ಎಂದು ಯಾರಿಗಾದರೂ ಅನಿಸಬಹುದು. ಆದರೆ ಅದೇ ವರ್ಷ, ಇನ್ನೂ ಕೃತಕ ಕಾಲು ಹಾಕಿಸಿಕೊಳ್ಳುವ ಮೊದಲೇ, ಜೋನ್ಸ್ ಊರುಗೋಲಿನ ಆಸರೆಯಲ್ಲಿ ರಾಯಲ್ ನಾರ್ವಿಚ್ ಮೈದಾನಕ್ಕೆ ಹೋದರು. ಒಂದೇ ಕಾಲಿನ ಮೇಲೆ ನಿಂತು ಹದಿನೆಂಟು ಕುಳಿಗಳನ್ನೂ ಆಡಿದರು. ಅವರಿಗೆ ಬೇಕಾದದ್ದು 83 ಹೊಡೆತ. ಎರಡು ಕಾಲೂ ಗಟ್ಟಿಯಾಗಿರುವ ಎಷ್ಟೋ ಜನ ಹವ್ಯಾಸಿ ಆಟಗಾರರು ಜೀವನವಿಡೀ ಆಡಿದರೂ 90ರ ಕೆಳಗೆ ಬರುವುದಿಲ್ಲ.

ಆಗ ಅವರಿಗೆ ಒಂದು ಪ್ರಶ್ನೆ ಎದುರಾಯಿತು. ಆ ಕಾಲದ ಪಾಠಗಳಲ್ಲೆಲ್ಲ ದೇಹದ ಒಂದೊಂದು ಭಾಗದ ಬಗ್ಗೆಯೂ ಸೂಚನೆಗಳಿದ್ದವು. ಬಲಗಾಲು ಹೀಗಿರಲಿ, ಸೊಂಟ ಹಾಗೆ ತಿರುಗಲಿ, ಭಾರ ಈ ಕಡೆಯಿಂದ ಆ ಕಡೆಗೆ ಹೋಗಲಿ ಎಂದು. ಬಲಗಾಲೇ ಇಲ್ಲದೆ ಚೆಂಡು ನೇರವಾಗಿ ಹೋಗುತ್ತದೆ ಎಂದಾದರೆ ನಿಜವಾಗಿ ಕೆಲಸ ಮಾಡುವುದು ಯಾವುದು? ಜೋನ್ಸ್ ಕಂಡುಕೊಂಡ ಉತ್ತರ: ಕ್ಲಬ್ಬಿನ ತಲೆ. ಅದು ಸರಿಯಾಗಿ ಬೀಸಿದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಇದನ್ನು ತೋರಿಸಲು ಅವರು ತಮ್ಮ ಜೇಬಿನಲ್ಲಿದ್ದ ಎರಡೇ ವಸ್ತು ತೆಗೆದರು. ಕರ್ಚೀಫಿನ ಒಂದು ತುದಿಗೆ ಮಡಚಿದ ಚಾಕು ಕಟ್ಟಿದರು. ಇನ್ನೊಂದು ತುದಿ ಹಿಡಿದು ಬೀಸಿದರು. ಹದವಾಗಿ ಬೀಸಿದರೆ ಕರ್ಚೀಫು ಬಿಗಿಯಾಗಿ ನೆಟ್ಟಗಿರುತ್ತದೆ, ಚಾಕು ಚೆಂದವಾಗಿ ಸುತ್ತುತ್ತದೆ. ಅವಸರ ಮಾಡಿ ಕೈಯಿಂದ ನೂಕಿದರೆ ಬಟ್ಟೆ ಸಡಿಲವಾಗಿ ಮುದುಡಿಕೊಳ್ಳುತ್ತದೆ, ಚಾಕು ಹಿಂದೆ ಉಳಿಯುತ್ತದೆ. ಬಟ್ಟೆಯಿಂದ ಎಳೆಯಬಹುದು, ನೂಕಲು ಆಗುವುದಿಲ್ಲ. ಹಾಗಾಗಿ ಬೀಸುವುದು ಯಾವುದು, ನೂಕುವುದು ಯಾವುದು ಎಂಬ ವ್ಯತ್ಯಾಸವನ್ನು ಕರ್ಚೀಫು ಆ ಕ್ಷಣದಲ್ಲೇ ಹೇಳಿಬಿಡುತ್ತದೆ.

ಇದನ್ನು ನಮ್ಮ ಅಜ್ಜನಿಗೆ ಫೋನಿನಲ್ಲಿ ವಿವರಿಸಿದೆ. ಅಜ್ಜ ಹಾವೇರಿ ಕಡೆಯವರು. ಗಾಲ್ಫ್ ಒಂದು ದಿನವೂ ನೋಡಿದವರಲ್ಲ. ಪೂರ್ತಿ ಕೇಳಿಸಿಕೊಂಡು, "ಅದರಾಗೇನೈತಿ, ಅದು ಕವಣಿ ಅಲ್ಲೇನು" ಎಂದರು. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಅವರು ಚಿಕ್ಕವರಿದ್ದಾಗ ಕವಣೆ ಬೀಸುತ್ತಿದ್ದರಂತೆ. ಹಗ್ಗ ಸಡಿಲಾದರೆ ಕಲ್ಲು ಕಾಲ ಬುಡದಲ್ಲೇ ಬೀಳುತ್ತದೆ, ಬಿಗಿಯಾಗಿದ್ದರೆ ಹೊಲದ ಆಚೆ ಬದಿಗೆ ಹೋಗುತ್ತದೆ. ಜೋನ್ಸ್ ಹೇಳಿದ್ದೂ ಇದೇ.

ಯುದ್ಧ ಮುಗಿದ ಮೇಲೆ ಜೋನ್ಸ್ ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಒಂದು ಕಟ್ಟಡದ ಒಳಗೆ, ಹುಲ್ಲೂ ಇಲ್ಲದ ಆಕಾಶವೂ ಕಾಣದ ಕೋಣೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು. ಚೆಂಡು ಎಲ್ಲಿಗೆ ಹೋಯಿತು ಎಂದು ನೋಡುವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಬೀಸು ಸರಿಯಾಯಿತೇ ಎಂಬುದೊಂದೇ ಮುಖ್ಯ. ಅವರ ಶಿಷ್ಯೆ ವರ್ಜೀನಿಯಾ ವ್ಯಾನ್ ವೀ 1932, 1933 ಮತ್ತು 1934ರಲ್ಲಿ ಸಾಲಾಗಿ ಮೂರು ಸಲ ಅಮೆರಿಕದ ಮಹಿಳಾ ಅಮೆಚೂರ್ ಚಾಂಪಿಯನ್ ಆದರು. ಜೋನ್ಸ್ 1965ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಬಂದ ಕಾಕ್ರನ್ ಮತ್ತು ಸ್ಟಾಬ್ಸ್ ಪುಸ್ತಕ, ತೋಳು ಮತ್ತು ಕ್ಲಬ್ ಕೀಲಿನಿಂದ ಜೋಡಿಸಿದ ಎರಡು ಕೋಲುಗಳಂತೆ ಒಂದರ ಹಿಂದೆ ಒಂದು ಬೀಸುತ್ತವೆ ಎಂದು ಚಿತ್ರ ಸಮೇತ ವಿವರಿಸಿತು. ಕರ್ಚೀಫು ಕಲಿಸಿದ್ದಕ್ಕೆ ತುಂಬ ಹತ್ತಿರದ ಮಾತು ಅದು.

ಪೀಪಾಯಿ ಮತ್ತು ಗಾಜು

ಕೆಲವು ಸಾಧನಗಳನ್ನು ಕೊಳ್ಳುವುದೂ ಬೇಡ, ಮಾಡುವುದೂ ಬೇಡ. ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು. ಪರ್ಸಿ ಬೂಮರ್ ಎಂಬ ಶಿಕ್ಷಕರು ಪ್ಯಾರಿಸ್ ಹತ್ತಿರದ ಸೇಂಟ್ ಕ್ಲೌಡ್‌ನಲ್ಲಿ ಕಲಿಸುತ್ತಿದ್ದರು. ಸೊಂಟದ ಎತ್ತರದ ಒಂದು ಪೀಪಾಯಿಯೊಳಗೆ ನಿಂತಿದ್ದೀರಿ ಎಂದುಕೊಳ್ಳಿ, ಅದರ ಅಂಚಿಗೆ ತಗುಲದಂತೆ ತಿರುಗಿ ಎಂದು ಅವರು ಹೇಳುತ್ತಿದ್ದರು. ಸೊಂಟ ಅಕ್ಕಪಕ್ಕ ಜಾರಬಾರದು, ಇದ್ದಲ್ಲೇ ತಿರುಗಬೇಕು ಎಂಬುದು ಅದರ ಅರ್ಥ.

ಇನ್ನೊಂದು ಪ್ರಸಿದ್ಧ ಕಲ್ಪನೆ ನಮ್ಮ ಪಕ್ಕದ ಊರಿನದು. ಬೆನ್ ಹೋಗನ್ ಟೆಕ್ಸಸ್ಸಿನವರು, ಹುಟ್ಟಿದ್ದು 1912ರಲ್ಲಿ. ಅವರ ತಂದೆ ಕಮ್ಮಾರರು. ಸಂಸಾರ ಫೋರ್ಟ್‌ವರ್ತಿಗೆ ಬಂದ ಮೇಲೆ, ಒಂಬತ್ತನೇ ವಯಸ್ಸಿನಲ್ಲಿ ಹೋಗನ್ ತಂದೆಯನ್ನು ಕಳೆದುಕೊಂಡರು. ಹುಡುಗ ರೈಲು ನಿಲ್ದಾಣದಲ್ಲಿ ಪೇಪರ್ ಮಾರಿದ. ಆಮೇಲೆ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಕ್ಯಾಡಿಯಾದ. ಕ್ಯಾಡಿ ಎಂದರೆ ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವವರು. ಮುಂದೆ ಇಷ್ಟೇ ದೊಡ್ಡ ಆಟಗಾರರಾದ ಬೈರನ್ ನೆಲ್ಸನ್ ಕೂಡ ಅದೇ ಕ್ಲಬ್ಬಿನಲ್ಲಿ, ಅದೇ ಕಾಲಕ್ಕೆ ಕ್ಯಾಡಿಯಾಗಿದ್ದರು.

1949ರ ಫೆಬ್ರವರಿ 2ರಂದು ಹೋಗನ್ ದಂಪತಿಯ ಕಾರಿಗೆ ಪಶ್ಚಿಮ ಟೆಕ್ಸಸ್ಸಿನ ವ್ಯಾನ್ ಹಾರ್ನ್ ಹತ್ತಿರ, ಮಂಜಿನಲ್ಲಿ, ಎದುರಿನಿಂದ ಬಂದ ಬಸ್ಸು ಗುದ್ದಿತು. ಹೆಂಡತಿಯನ್ನು ಕಾಪಾಡಲು ಹೋಗನ್ ಅವರ ಮೇಲೆ ಅಡ್ಡ ಬಿದ್ದರು. ಸೊಂಟದ ಮೂಳೆ, ಕೊರಳೆಲುಬು, ಹಿಮ್ಮಡಿಯ ಗಂಟು ಮುರಿದವು. ಮರುವರ್ಷ, 1950ರ ಜೂನಿನಲ್ಲಿ, ಕಾಲುಗಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಆಡಿ ಯು.ಎಸ್. ಓಪನ್ ಗೆದ್ದರು.

1957ರಲ್ಲಿ ಹೋಗನ್ನರ ಐದು ಪಾಠಗಳು ಮೊದಲು ಒಂದು ಕ್ರೀಡಾ ಪತ್ರಿಕೆಯಲ್ಲಿ, ಆಮೇಲೆ ಪುಸ್ತಕವಾಗಿ ಬಂದವು. ಆಂಥನಿ ರವಿಯೆಲಿ ಎಂಬ ಕಲಾವಿದರು ಚಿತ್ರ ಬಿಡಿಸಿದ್ದರು. ಒಂದು ಚಿತ್ರದಲ್ಲಿ ಚೆಂಡಿನಿಂದ ಆಟಗಾರನ ಭುಜದವರೆಗೆ ಓರೆಯಾಗಿ ಒಂದು ದೊಡ್ಡ ಗಾಜಿನ ಹಲಗೆ ಇದೆ. ಗಾಜಿಗೆ ಮಾಡಿದ ತೂತಿನಿಂದ ತಲೆ ಮಾತ್ರ ಮೇಲೆ ಬಂದಿದೆ. ಕ್ಲಬ್ ಎತ್ತುವಾಗ ತೋಳು ಈ ಗಾಜಿನ ಕೆಳಗೇ ಇರಬೇಕು, ಮೇಲೆ ಹೋದರೆ ಗಾಜು ಒಡೆಯುತ್ತದೆ! ಗಾಜು ಅಲ್ಲಿ ಇಲ್ಲ, ಆದರೂ ಒಡೆದೀತು ಎಂಬ ಭಯ ಇರುತ್ತದೆ. ಮೈದಾನಕ್ಕೆ ಹೋಗಲಾಗದ ಓದುಗರೂ ಮನೆಯ ಕನ್ನಡಿಯ ಮುಂದೆ ನಿಂತು ಇದನ್ನು ಅಭ್ಯಾಸ ಮಾಡಬಹುದಿತ್ತು. ಆ ಪುಸ್ತಕ ಇವತ್ತಿಗೂ ಅಂಗಡಿಗಳಲ್ಲಿ ಸಿಗುತ್ತದೆ.

ಡಾಲಸ್ಸಿನ ಬಾಟಲಿ

ಈಗ ನಮ್ಮ ಊರಿನ ಕಥೆಗೆ ಬರುತ್ತೇನೆ. ಲೀ ಟ್ರೆವಿನೊ 1939ರ ಡಿಸೆಂಬರಿನಲ್ಲಿ ಡಾಲಸ್ಸಿನಲ್ಲಿ ಹುಟ್ಟಿದರು. ಅವರದು ಮೆಕ್ಸಿಕನ್ ಮೂಲದ ಬಡ ಮನೆ. ತಾಯಿ ಮನೆಗೆಲಸ ಮಾಡುತ್ತಿದ್ದರು, ತಾತ ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದರು. ಮನೆಗೆ ಕರೆಂಟಿರಲಿಲ್ಲ, ನಲ್ಲಿ ನೀರಿರಲಿಲ್ಲ. ಲೀ ಐದು ವರ್ಷದ ಮಗುವಿದ್ದಾಗಲೇ ಹತ್ತಿ ಹೊಲದ ಕೆಲಸಕ್ಕೆ ಹೋದದ್ದುಂಟು. ಆದರೆ ಆ ಮನೆಯ ಪಕ್ಕದಲ್ಲೇ ಒಂದು ಗಾಲ್ಫ್ ಮೈದಾನವಿತ್ತು. ಬೇಲಿಯ ಈಚೆ ನಿಂತು ಅವರು ಆಟ ನೋಡಿದರು, ಆಮೇಲೆ ಕ್ಯಾಡಿಯಾದರು. ಹದಿನಾಲ್ಕಕ್ಕೆ ಶಾಲೆ ಬಿಟ್ಟರು. ಹದಿನೇಳಕ್ಕೆ ಮೆರೀನ್ ಪಡೆಗೆ ಸೇರಿದರು.

1960ರ ದಶಕದ ಆರಂಭದಲ್ಲಿ ಸೈನ್ಯದಿಂದ ಹಿಂದಿರುಗಿ, ಹಾರ್ಡಿ ಎಂಬುವರು ಡಾಲಸ್ಸಿನಲ್ಲಿ ನಡೆಸುತ್ತಿದ್ದ ಅಭ್ಯಾಸದ ಮೈದಾನದಲ್ಲಿ ಕೆಲಸಕ್ಕೆ ಸೇರಿದರು. ಅದರ ಜೊತೆಗೆ ಕುಳಿಗಳು ಹತ್ತಿರ ಹತ್ತಿರ ಇರುವ ಒಂದು ಚಿಕ್ಕ ಕೋರ್ಸೂ ಇತ್ತು. ಅಲ್ಲಿ ಟ್ರೆವಿನೊ ಒಂದು ವಿಚಿತ್ರ ಪಂದ್ಯ ಕಟ್ಟುತ್ತಿದ್ದರು. ಎದುರಾಳಿ ಸರಿಯಾದ ಕ್ಲಬ್ಬುಗಳಿಂದ ಆಡಬಹುದು, ಟ್ರೆವಿನೊ ಮಾತ್ರ ಡಾಕ್ಟರ್ ಪೆಪ್ಪರ್ ಬಾಟಲಿಯಿಂದ ಆಡುತ್ತಾರೆ! ನಮ್ಮ ಟೆಕ್ಸಸ್ಸಿನ ವೇಕೊ ಊರಿನಲ್ಲಿ 1885ರಲ್ಲಿ ಹುಟ್ಟಿದ ಅದೇ ಪಾನೀಯ. ದೊಡ್ಡ ಗಾಜಿನ ಬಾಟಲಿ ಒಡೆಯದಂತೆ ಅದಕ್ಕೆ ಟೇಪ್ ಸುತ್ತುತ್ತಿದ್ದರು. ಚೆಂಡನ್ನು ಕೈಯಿಂದ ಮೇಲಕ್ಕೆ ಎಸೆದು ಬಾಟಲಿಯಿಂದ ಬೀಸಿ ಹೊಡೆಯುವುದು, ಕುಳಿಯ ಹತ್ತಿರ ಬಂದಾಗ ಬಾಟಲಿಯಿಂದಲೇ ತಳ್ಳುವುದು. ಈ ಬಾಟಲಿಯಿಂದ ಅವರು ಎಷ್ಟೋ ಪಂದ್ಯ ಗೆದ್ದರು.

ಇದು ಬರೀ ತಮಾಷೆ ಎಂದು ನನಗನಿಸುವುದಿಲ್ಲ. ದುಂಡಗಿನ ಬಾಟಲಿ ಎಳ್ಳಷ್ಟು ತಪ್ಪಿದರೂ ಚೆಂಡನ್ನು ಬೇರೆ ಕಡೆಗೆ ಕಳಿಸುತ್ತದೆ. ಅದರಿಂದ ನೇರ ಹೊಡೆಯುವುದನ್ನು ಕಲಿತ ಕೈಗೆ ಚಪ್ಪಟೆ ಮುಖದ ಕ್ಲಬ್ ಕಷ್ಟವಾಗುವುದಿಲ್ಲ. ಜೊತೆಗೆ ಎದೆಯ ಗಟ್ಟಿತನ ಬೇರೆ. ಜೇಬಿನಲ್ಲಿ ದುಡ್ಡಿಲ್ಲದೆ ಪಂದ್ಯ ಕಟ್ಟಿ ಆಡಿದವರಿಗೆ ಸಾವಿರಾರು ಜನರ ಮುಂದೆ ಕೈ ನಡುಗುವುದಿಲ್ಲ.

1968ರಲ್ಲಿ ಟ್ರೆವಿನೊ ಯು.ಎಸ್. ಓಪನ್ ಗೆದ್ದರು. ನಾಲ್ಕು ದಿನವೂ 70ರ ಕೆಳಗೆ ಆಡಿ ಆ ಪಂದ್ಯ ಗೆದ್ದವರಲ್ಲಿ ಅವರೇ ಮೊದಲಿಗರು. 1971ರಲ್ಲಿ ನಾಲ್ಕು ವಾರದೊಳಗೆ ಅಮೆರಿಕ, ಕೆನಡಾ, ಬ್ರಿಟನ್ ಮೂರೂ ದೇಶಗಳ ಓಪನ್ ಗೆದ್ದರು.

ಪೇರಲ ಕೊಂಬೆ ಮತ್ತು ಕಡಲ ತೀರ

ಟ್ರೆವಿನೊ ಒಬ್ಬರೇ ಅಲ್ಲ. ಚೀಚೀ ರಾಡ್ರಿಗಸ್ 1935ರಲ್ಲಿ ಪೋರ್ಟೊರಿಕೊದಲ್ಲಿ ಹುಟ್ಟಿದರು. ತಂದೆ ಕಬ್ಬಿನ ಗದ್ದೆಯ ಕೂಲಿ. ಗಾಲ್ಫ್ ಆಡುವವರನ್ನು ನೋಡಿದ ಹುಡುಗ ಪೇರಲ ಗಿಡದ ಕೊಂಬೆ ಕತ್ತರಿಸಿ ಕ್ಲಬ್ ಮಾಡಿಕೊಂಡ, ತಗಡಿನ ಡಬ್ಬಿಯನ್ನು ಬಡಿದು ಗುಂಡಗೆ ಮಾಡಿ ಚೆಂಡು ಮಾಡಿಕೊಂಡ. ನಮ್ಮ ಚಿನ್ನಿದಾಂಡಿನ ಹಾಗೆ, ಆಟದ ಸಾಮಾನು ಗಿಡದಿಂದಲೇ ಬಂತು. ಅದೇ ಹುಡುಗ ಮುಂದೆ ಅಮೆರಿಕದ ವೃತ್ತಿಪರ ಟೂರ್‌ನಲ್ಲಿ 8 ಪಂದ್ಯ ಗೆದ್ದರು.

ಸ್ಪೇನಿನ ಸೆವೆ ಬಾಯೆಸ್ಟೆರೋಸ್ ಹುಟ್ಟಿದ್ದು 1957ರಲ್ಲಿ, ಪೆಡ್ರೇನಾ ಎಂಬ ಕಡಲ ಬದಿಯ ಹಳ್ಳಿಯಲ್ಲಿ. ಅಣ್ಣ ಕೊಟ್ಟ ಒಂದೇ ಒಂದು ಹಳೆಯ ಮೂರನೇ ನಂಬರಿನ ಕ್ಲಬ್ ಅವರ ಬಳಿ ಇತ್ತು. ಊರಿನ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿ ಹುಡುಗರಿಗೆ ಬೇಕೆಂದಾಗ ಆಡಲು ಬಿಡುತ್ತಿರಲಿಲ್ಲ. ಅದಕ್ಕೇ ಸೆವೆ ಕಡಲ ತೀರದ ಮರಳಿನಲ್ಲಿ ಅಭ್ಯಾಸ ಮಾಡಿದರು. ಒಂದೇ ಕ್ಲಬ್ಬಿನಿಂದ ಎತ್ತರದ ಹೊಡೆತ, ತಗ್ಗಿನ ಹೊಡೆತ, ಬಳಸಿ ಹೋಗುವ ಹೊಡೆತ ಎಲ್ಲವನ್ನೂ ಕಲಿಯಬೇಕಾಯಿತು. 1979ರಲ್ಲಿ, 22ನೇ ವಯಸ್ಸಿಗೆ, ಬ್ರಿಟಿಷ್ ಓಪನ್ ಗೆದ್ದರು. ಮೈದಾನದ ಎಂಥ ಮೂಲೆಗೆ ಚೆಂಡು ಹೋದರೂ ಅಲ್ಲಿಂದ ಹೊರಬರುವ ಅವರ ಕೈಚಳಕ ಎಲ್ಲರಿಗೂ ಗೊತ್ತು. ಅದರ ಬೇರು ಆ ಮರಳಿನಲ್ಲಿದೆ.

ಸಾಧನದಿಂದ ಆಗದ ಕೆಲಸ

ಇಲ್ಲಿಗೇ ನಿಲ್ಲಿಸಿದರೆ "ಕಷ್ಟಪಟ್ಟರೆ ಎಲ್ಲರೂ ಗೆಲ್ಲುತ್ತಾರೆ" ಎಂಬ ಕಥೆಯಾಗುತ್ತದೆ. ಇತಿಹಾಸ ಹಾಗೆ ಹೇಳುವುದಿಲ್ಲ. ಪಾಪ್ವಾ ಸಿವ್‌ಗೋಲಮ್ ಅವರ ಬದುಕು ನೋಡಿ.

ಪಾಪ್ವಾ ದಕ್ಷಿಣ ಆಫ್ರಿಕದ ಡರ್ಬನ್ನಿನವರು, ಭಾರತೀಯ ಮೂಲದವರು. ಚಿಕ್ಕವರಿದ್ದಾಗ ಮರದ ಕೊಂಬೆಯಿಂದ ಮಾಡಿದ ಕೋಲಿನಲ್ಲಿ ಆಡಿ ಕಲಿತರು, ಆಮೇಲೆ ಕ್ಯಾಡಿಯಾದರು. ಹೇಳಿಕೊಡುವವರು ಯಾರೂ ಇರಲಿಲ್ಲ. ಅದಕ್ಕೇ ಅವರ ಹಿಡಿತ ಎಲ್ಲರಿಗಿಂತ ಉಲ್ಟಾ ಇತ್ತು. ಬಲಗೈ ಆಟಗಾರರು ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುತ್ತಾರೆ. ಪಾಪ್ವಾ ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿಯುತ್ತಿದ್ದರು. ಪಾಠದ ಪುಸ್ತಕಗಳ ಪ್ರಕಾರ ಅದು ತಪ್ಪು. ಆದರೆ ಚೆಂಡು ನೇರವಾಗಿಯೇ ಹೋಗುತ್ತಿತ್ತು.

ಅವರು ಚೀಲ ಹೊರುತ್ತಿದ್ದ ಗ್ರಹಾಂ ವುಲ್ಫ್ ಎಂಬ ಉದ್ಯಮಿ ಅವರ ಆಟ ನೋಡಿ ಯುರೋಪಿಗೆ ಕರೆದುಕೊಂಡು ಹೋದರು. 1959ರಲ್ಲಿ ಪಾಪ್ವಾ ಡಚ್ ಓಪನ್ ಗೆದ್ದರು. 1960ರಲ್ಲಿ ಮತ್ತೆ ಗೆದ್ದರು, 1964ರಲ್ಲಿ ಮತ್ತೊಮ್ಮೆ. ಆದರೆ ಅವರ ಸ್ವಂತ ದೇಶದಲ್ಲಿ ಆಗ ವರ್ಣಭೇದದ ಕಾನೂನುಗಳಿದ್ದವು. 1963ರಲ್ಲಿ ಡರ್ಬನ್ನಿನಲ್ಲಿ ಬಿಳಿಯರ ಜೊತೆ ಆಡಿ ನಟಾಲ್ ಓಪನ್ ಗೆದ್ದಾಗ ಅವರಿಗೆ ಕ್ಲಬ್ಬಿನ ಕಟ್ಟಡದೊಳಗೆ ಪ್ರವೇಶವಿರಲಿಲ್ಲ. ಒಳಗೆ ಬಿಳಿಯರು ಬೆಚ್ಚಗೆ ನಿಂತಿದ್ದರು. ಗೆದ್ದ ಪಾಪ್ವಾ ಹೊರಗೆ ಮಳೆಯಲ್ಲಿ ನೆನೆಯುತ್ತಾ ಟ್ರೋಫಿ ತೆಗೆದುಕೊಂಡರು. 1965ರಲ್ಲಿ ಜಗತ್ಪ್ರಸಿದ್ಧ ಗ್ಯಾರಿ ಪ್ಲೇಯರ್ ಇದ್ದ ಪಂದ್ಯದಲ್ಲೇ ಮತ್ತೆ ನಟಾಲ್ ಓಪನ್ ಗೆದ್ದರು. ಆಮೇಲೆ ಸರ್ಕಾರ ಅವರನ್ನು ದೊಡ್ಡ ಪಂದ್ಯಗಳಿಂದಲೇ ದೂರವಿಟ್ಟಿತು, ಪಾಸ್‌ಪೋರ್ಟನ್ನೂ ಕಿತ್ತುಕೊಂಡಿತು. 1978ರಲ್ಲಿ ಅವರು ಬಡತನದಲ್ಲೇ ತೀರಿಕೊಂಡರು.

ಅದು ದೂರದ ದೇಶದ ಮಾತು ಎನ್ನಬೇಡಿ. ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘದ ನಿಯಮದಲ್ಲೇ "ಬಿಳಿಯರು ಮಾತ್ರ" ಎಂಬ ಷರತ್ತು 1934ರಲ್ಲಿ ಸೇರಿತ್ತು. ಅದನ್ನು ತೆಗೆದದ್ದು 1961ರಲ್ಲಿ. ಚಾರ್ಲಿ ಸಿಫರ್ಡ್ ಎಂಬ ಕಪ್ಪು ಆಟಗಾರರು ವರ್ಷಗಟ್ಟಲೆ ಹೋರಾಡಿದ ಮೇಲೆ, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಒತ್ತಾಯ ಮಾಡಿದ ಮೇಲೆ. ಅಷ್ಟರಲ್ಲಿ ಸಿಫರ್ಡ್ ಅವರಿಗೆ 39 ವರ್ಷವಾಗಿತ್ತು. ಅವರ ಒಳ್ಳೆಯ ವರ್ಷಗಳು ಗೇಟಿನ ಹೊರಗೇ ಕಳೆದುಹೋಗಿದ್ದವು.

ಕೊಂಬೆ, ಬಾಟಲಿ, ಕರ್ಚೀಫು ಕೈಯನ್ನು ತಿದ್ದುತ್ತವೆ. ಗೇಟು ತೆಗೆಯುವುದು ಅವುಗಳಿಂದ ಆಗುವ ಕೆಲಸವಲ್ಲ, ಅದನ್ನು ಮನುಷ್ಯರೇ ಮಾಡಬೇಕು. ಟ್ರೆವಿನೊಗೆ ಹಾರ್ಡಿಯವರ ಮೈದಾನ ಸಿಕ್ಕಿತು, ಸೆವೆಗೆ ಅಣ್ಣನ ಕ್ಲಬ್ ಸಿಕ್ಕಿತು, ಪಾಪ್ವಾಗೆ ಸ್ವಲ್ಪ ಕಾಲ ವುಲ್ಫ್ ಸಿಕ್ಕಿದರು. ಹಾಗೆ ಯಾರೂ ಸಿಗದವರೂ ಇದ್ದರು. ಕೊಂಬೆ ಹಿಡಿದು ಚೆನ್ನಾಗಿ ಬೀಸಿದ ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬೆಂಗಳೂರಿನ ಕ್ಯಾಡಿ

ನಮ್ಮ ನಾಡಿಗೂ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಆಗ ಆಡಿದವರು ದೊರೆಗಳು, ಚೀಲ ಹೊತ್ತವರು ನಮ್ಮವರು. ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಆಡುವವರು ಬೇರೆ, ಹೊರುವವರು ಬೇರೆ ಎಂಬುದು ಹಾಗೇ ಉಳಿಯಿತು.

ಆದರೆ ಚೀಲ ಹೊತ್ತವರು ಬರೀ ಹೊರುತ್ತಿರಲಿಲ್ಲ, ನೋಡುತ್ತಲೂ ಇದ್ದರು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೊಮ್ಮೆ ಗೆದ್ದರು. 2009ರಲ್ಲಿ ಅದೇ ಇಂಡಿಯನ್ ಓಪನ್ ಗೆದ್ದವರು ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ. ಕೊರಿಯಾದ ಲೀ ಸಂಗ್ ಮತ್ತು ಅವರು ಸಮವಾಗಿದ್ದಾಗ ಹೆಚ್ಚುವರಿ ಕುಳಿ ಆಡಿಸಿದರು, ಮುನಿಯಪ್ಪ ಗೆದ್ದರು. ನಮ್ಮಲ್ಲಿ ಅದಿತಿ ಅಶೋಕ್ ಹೆಸರು ಎಲ್ಲರಿಗೂ ಗೊತ್ತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಬೆಂಗಳೂರಿನ ಹುಡುಗಿ ಎಂದು ನಾವೆಲ್ಲ ಹೆಮ್ಮೆ ಪಡುತ್ತೇವೆ. ಮುನಿಯಪ್ಪ ಅವರ ಹೆಸರನ್ನೂ ಅದರ ಜೊತೆಗೆ ನೆನಪಿಡೋಣ ಎಂಬುದು ನನ್ನ ಕೋರಿಕೆ.

ನೀವೂ ಮಾಡಿ ನೋಡಿ

ಚಿಕ್ಕವರಿಗಾಗಿ, ಮನೆಯಲ್ಲೇ ಮಾಡಬಹುದಾದ ನಾಲ್ಕು ಅಭ್ಯಾಸಗಳನ್ನು ಹೇಳುತ್ತೇನೆ. ಇವನ್ನು ನಾನೂ ಮಾಡುತ್ತೇನೆ. ಮೊದಲು ಸುತ್ತಲೂ ಯಾರೂ ಇಲ್ಲವೆಂದು, ಮೇಲೆ ದೀಪ ಫ್ಯಾನ್ ಇಲ್ಲವೆಂದು ನೋಡಿಕೊಳ್ಳಿ.

ಒಂದು, ಜೋನ್ಸ್ ಅವರ ಕರ್ಚೀಫು. ಚಾಕು ಬೇಡವೇ ಬೇಡ! ಉದ್ದನೆಯ ಕಾಲುಚೀಲದೊಳಗೆ ಒಂದು ಟೆನಿಸ್ ಚೆಂಡು ಹಾಕಿ ತುದಿ ಹಿಡಿದು ನಿಧಾನವಾಗಿ ಹಿಂದೆ ಮುಂದೆ ಬೀಸಿ. ಕಾಲುಚೀಲ ಎಲ್ಲೂ ಮುದುಡಬಾರದು.

ಎರಡು, ಟವೆಲ್. ಒಂದು ಟವೆಲನ್ನು ಎದೆಯ ಮೇಲೆ ಅಡ್ಡ ಹಾಕಿ ಎರಡೂ ತುದಿಗಳನ್ನು ಕಂಕುಳಲ್ಲಿ ಒತ್ತಿ ಹಿಡಿಯಿರಿ. ಅರ್ಧ ಎತ್ತರದ ಸ್ವಿಂಗ್ ಮಾಡಿ. ತೋಳು ಮೈಯಿಂದ ದೂರ ಹಾರಿದರೆ ಟವೆಲ್ ಬೀಳುತ್ತದೆ. ತೋಳೂ ಎದೆಯೂ ಜೊತೆಯಾಗಿ ತಿರುಗಿದರೆ ಇದ್ದಲ್ಲೇ ಇರುತ್ತದೆ.

ಮೂರು, ಪೊರಕೆ ಕೋಲು. ನೆಲದ ಮೇಲೆ ನೀವು ಹೊಡೆಯಬೇಕಾದ ದಿಕ್ಕಿಗೆ ಸರಿಯಾಗಿ ಇಡಿ. ಕಾಲಿನ ಬೆರಳುಗಳು ಅದಕ್ಕೆ ಸಮವಾಗಿ ನಿಲ್ಲಲಿ. ದೊಡ್ಡ ಪಂದ್ಯಗಳ ಆಟಗಾರರೂ ಅಭ್ಯಾಸದಲ್ಲಿ ನೆಲಕ್ಕೆ ಇಂಥದೇ ಬಣ್ಣದ ಕಡ್ಡಿ ಇಟ್ಟುಕೊಳ್ಳುತ್ತಾರೆ.

ನಾಲ್ಕು, ಗೋಡೆ. ಕ್ಲಬ್ ಇಲ್ಲದೆ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಹಿಂಭಾಗ ಗೋಡೆಗೆ ತಾಗುವಂತೆ ಬಾಗಿ ನಿಲ್ಲಿ. ಆ ಕಡೆ ಈ ಕಡೆ ತಿರುಗಿ. ಹಿಂಭಾಗ ಗೋಡೆ ಬಿಟ್ಟು ಮುಂದೆ ಬಂದರೆ ತಿರುಗುವುದರ ಬದಲು ಚೆಂಡಿನ ಕಡೆಗೆ ಸರಿಯುತ್ತಿದ್ದೀರಿ ಎಂದರ್ಥ.

ದಿನಕ್ಕೆ ಹತ್ತು ನಿಮಿಷ ಸಾಕು. ಖರ್ಚು ಸೊನ್ನೆ.

ಪೋಷಕರಿಗೂ ಒಂದು ಮಾತು. ಗ್ಯಾರೇಜಿನ ಮೂಲೆಯಲ್ಲಿ ಯಾರೂ ಮುಟ್ಟದ ಹಳೆಯ ಕ್ಲಬ್ಬುಗಳಿದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ತಿಂಗಳು ಕನ್ನಡ ಶಾಲೆಗೆ ಬರುವಾಗ ತನ್ನಿ. ಉದ್ದ ಕಡಿಮೆ ಮಾಡಿ, ಹಿಡಿಗೆ ಹೊಸ ಟೇಪ್ ಸುತ್ತಿ ಚಿಕ್ಕವರಿಗೆ ಸರಿಹೋಗುವಂತೆ ನಾನು ಮಾಡಿಕೊಡುತ್ತೇನೆ. ನಗರಪಾಲಿಕೆಯ ಮೈದಾನಗಳಲ್ಲಿ ಮಕ್ಕಳಿಗೆ ಶುಲ್ಕ ಕಡಿಮೆ ಇರುವುದುಂಟು, ವಿಚಾರಿಸಿ. ತರಗತಿ ಮುಗಿದ ಮೇಲೆ ಶಾಲೆಯ ಹಿಂದಿನ ಹುಲ್ಲಿನ ಮೇಲೆ ಅರ್ಧ ಗಂಟೆ ಕಲಿಸಲು ನಾನು ಸಿದ್ಧ. ಬರುವವರು ಒಂದು ಉದ್ದನೆಯ ಕಾಲುಚೀಲ, ಒಂದು ಟೆನಿಸ್ ಚೆಂಡು ತಂದರೆ ಸಾಕು.

— ಹನ್ನೊಂದನೇ ತರಗತಿ ವಿದ್ಯಾರ್ಥಿ, ಡಾಲಸ್